ಕಾರಿಗೆ ಮುಖ, ನಲ್ಲಿಗೆ ಬೆನ್ನು

ಒಂದು ಫ್ಲೆಕ್ಸಿಗೆ ಎಂಟುನೂರು, ಕಟ್ಟುವ ಕೂಲಿ ಇನ್ನೂರು. ಅದರಲ್ಲಿ ಮುಕ್ಕಾಲು ಜಾಗ ನಗುವ ಮುಖಗಳಿಗೆ. ಜನ ತಿಳಿಯಲೇಬೇಕಾದ ಮಾತಿಗೆ ಉಳಿಯುವುದು ತಳದ ಅಂಚು, ಇರುವೆ ಸಾಲಿನಂಥ ಅಕ್ಷರ.

ಈ ಲೆಕ್ಕ ಕಂಡು ಉರಿದುಬೀಳುವವರು ನಗರಸಭೆಯ ನೀರು ವಿಭಾಗದಲ್ಲಿ ಗುತ್ತಿಗೆ ಮೇಲೆ ದುಡಿಯುವ ಅಕ್ಕ. ಪೈಪು ಬದಲಿಸುವಾಗ, ಟ್ಯಾಂಕು ತೊಳೆಯುವಾಗ ಜನರಿಗೆ ಏನು ಹೇಳಬೇಕು, ಎಲ್ಲಿ ಹೇಳಬೇಕು ಎಂದು ಯೋಚಿಸಿ ಬರೆಯುವುದು ಅವರ ಕೆಲಸ. ಓಣಿಯವರು ಇಟ್ಟ ಹೆಸರು ‘ಡಂಗುರದಕ್ಕ’.

ಬೆಳಕು ಹರಿಯುವ ಮುಂಚೆಯೇ ಅಕ್ಕ ಬೀದಿ ನಲ್ಲಿಯ ಬಳಿ ಹಾಜರು. ಕೊಡ ಹಿಡಿದು ನಿಂತವರಿಗೆ ಬರೆದದ್ದನ್ನು ತೋರಿಸಿ, ಓದಿ, ಈಗೇನು ಮಾಡುತ್ತೀರಿ ಎಂದು ಕೇಳುತ್ತಾರೆ. ಉತ್ತರ ತಡವರಿಸಿದರೆ ತಪ್ಪು ಬರಹದ್ದು; ಮತ್ತೆ ತಿದ್ದುತ್ತಾರೆ. ನಾಳೆ ಟ್ಯಾಂಕು ತೊಳೆಯುವ ದಿನ. ಕಚೇರಿ ಒಪ್ಪಿರುವ ಬೋರ್ಡಿನ ಮಾದರಿ ಇವತ್ತು ಅವರ ಕೈಯಲ್ಲಿದೆ.

"ಅಜ್ಜಿ, ಇದನ್ನ ನೋಡಿದ್ರೆ ಏನ್ ಮಾಡ್ಬೇಕು ಅನ್ಸುತ್ತೆ?"

"ಚಪ್ಪಾಳೆ ಹೊಡೀಬೇಕು ಕಣಮ್ಮ. ಇಷ್ಟು ಜನ ಹಲ್ಲು ಕಿರೀತಿದ್ದಾರಲ್ಲ, ಯಾರ ಮದುವೆ?"

ಸಾಲು ಘೊಳ್ಳೆಂದು ನಗುತ್ತದೆ. ಅಕ್ಕನಿಗೆ ನಗು ಬರುವುದಿಲ್ಲ. ಕಳೆದ ಸಲ ಟ್ಯಾಂಕಿಗೆ ಔಷಧಿ ಹಾಕಿ ತೊಳೆದಾಗ, ‘ಎರಡು ದಿನ ಈ ನೀರು ಕುಡಿಯಬೇಡಿ’ ಎಂಬ ಅವರ ಸಾಲನ್ನು ಹೀಗೆಯೇ ಮುಖಗಳ ಅಡಿಗೆ ತಳ್ಳಿದ್ದರು. ಸಾಲದ್ದಕ್ಕೆ, ತಪಾಸಣೆಗೆ ಬರುವ ಸಾಹೇಬರ ಕಾರಿಗೆ ಕಾಣಲೆಂದು ಬೋರ್ಡನ್ನು ರಸ್ತೆಯತ್ತ ತಿರುಗಿಸಿ ಕಟ್ಟಿದ್ದರು. ನಲ್ಲಿಯ ಮುಂದೆ ನಿಂತವರಿಗೆ ಕಂಡದ್ದು ಅದರ ಬಿಳಿ ಬೆನ್ನು. ಓಣಿಯ ಮಕ್ಕಳು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಅಕ್ಕನ ತಂಗಿಯ ಮಗಳೂ ಸೇರಿದಳು. ಜನರಿಗೆ ತಿಳುವಳಿಕೆ ಇಲ್ಲವೆಂದು ಕಚೇರಿ ಕೈ ತೊಳೆದುಕೊಂಡಿತು.

"ತಿಳುವಳಿಕೆ ಇಲ್ವಂತೆ! ಕಾರು ನೀರು ಕುಡಿಯುತ್ತಾ?" ಎಂದು ಅಕ್ಕ ಇವತ್ತಿಗೂ ಕಿಡಿಕಾರುತ್ತಾರೆ.

ಮಾದರಿ ಹಿಡಿದು ಕಚೇರಿಗೆ ಹೋದರೆ ಎಂಜಿನಿಯರ್ ತಲೆ ಎತ್ತುವುದಿಲ್ಲ. "ಬೋರ್ಡಿಂದ ಫೋಟೋ ತೆಗೆದ್ರೆ ಮೇಲಿನವರು ಸುಮ್ಮನಿರ್ತಾರೇನಮ್ಮ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

"ನಾನು ಮಾಡ್ಕೋತೀನಿ ಸಾರ್. ಮಕ್ಕಳ ಹೊಟ್ಟೆ ಮಾಡ್ಕೊಳ್ಳಲ್ಲ."

ಮನೆಗೆ ಬಂದವರೇ ಹಳೆಯ ಬೆಡ್‌ಶೀಟು ಹರಿದು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆಯುತ್ತಾರೆ: ‘ಎರಡು ದಿನ ಕುಡಿಯಬೇಡಿ. ಕುಡಿಯೋ ನೀರು ಟ್ಯಾಂಕರಲ್ಲಿ ಬರುತ್ತೆ.’ ಅದನ್ನು ನಲ್ಲಿಯ ಕತ್ತಿಗೇ ಕಟ್ಟುತ್ತಾರೆ. ಬಟ್ಟೆ ಸರಿಸದೆ ನಲ್ಲಿ ತಿರುಗಿಸುವಂತಿಲ್ಲ. ಓದಲು ಬಾರದವರೂ "ಇದೇನಿದು?" ಎಂದು ಪಕ್ಕದವರನ್ನು ಕೇಳಲೇಬೇಕು.

ಇದಾಗಿ ವಾರ ಕಳೆದಿದೆ. ಅನುಮತಿಯಿಲ್ಲದೆ ಪ್ರಕಟಣೆ ಹಾಕಿದ್ದಕ್ಕೆ ಅಕ್ಕನ ಗುತ್ತಿಗೆ ರದ್ದಾಗಿದೆ. ಈ ಸಲ ಓಣಿಯ ಒಂದು ಮಗುವೂ ಆಸ್ಪತ್ರೆ ಸೇರಿಲ್ಲ.