ಗಾದಿಯ ಮೇಲೆ ತೊಂಬತ್ತೈದು ಡಿಗ್ರಿ

ಹದಿನಾಲ್ಕು ಸಾವಿರಕ್ಕೆ ಹಳೆಯ ಲ್ಯಾಪ್‌ಟಾಪ್ ಕೊಂಡೆ. ವಾರಂಟಿ ಬೇಡವೆಂದು ಒಪ್ಪಿ ನಾಲ್ಕು ಸಾವಿರ ಇಳಿಸಿದ್ದೆ. ಕಟಪಾಡಿಯ ನನ್ನ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಮಾಡಲು ಕೂತರೆ ಅದರೊಳಗಿನ ಫ್ಯಾನು ಭೋರೆಂದಿತು. ಶಾಖ ತೋರಿಸುವ ಆ್ಯಪಿನಲ್ಲಿ ತೊಂಬತ್ತೈದು ಡಿಗ್ರಿ. ದುಡ್ಡು ಹೋಯಿತೆಂದೇ ಮಣಿಪಾಲದ ರಿಪೇರಿಯವರಲ್ಲಿಗೆ ಒಯ್ದೆ. ಅವರ ಮೇಜಿನ ಮೇಲೆ ಅದೇ ಕೆಲಸಕ್ಕೆ ಅರವತ್ತೆಂಟೇ ಡಿಗ್ರಿ.

“ಅಂಗಡಿಯಲ್ಲಿ ಇದನ್ನು ಎಲ್ಲಿ ಇಡುವುದು ನೀವು?” ಎಂದರು.

“ಸೀರೆ ಹರಡುವ ಗಾದಿಯ ಮೇಲೆ. ನಾನೂ ಅಲ್ಲೇ ಕೂರುವುದಲ್ವಾ?”

“ನಿಮಗೆ ಮೆತ್ತಗೆ ಬೇಕು, ಇದಕ್ಕೆ ಅಡಿಯಿಂದ ಗಾಳಿ ಬೇಕು ಮಾರಾಯ್ರೆ. ಎಂತದೂ ಆಗಲಿಲ್ಲ, ತೆಗೆದುಕೊಂಡು ಹೋಗಿ.”

ಜೀವ ಬಂದಂತಾಯಿತು. ಈಗ ಅದು ಗಟ್ಟಿ ಹಲಗೆಯ ಮೇಲೆ ಉಂಟು. ನೀವು ಹಳೆಯ ಲ್ಯಾಪ್‌ಟಾಪ್ ಕೊಳ್ಳುವಾಗ ಮೇಜಿನ ಮೇಲಿಟ್ಟು ಅರ್ಧ ಗಂಟೆ ನಿಮ್ಮದೇ ಕೆಲಸ ಮಾಡಿ ನೋಡಿ. ಎಂಬತ್ತರೊಳಗೆ ನಿಂತರೆ ಹೆದರಬೇಡಿ. ಅಲ್ಲೂ ತೊಂಬತ್ತು ದಾಟಿದರೆ ವಾರಂಟಿಯನ್ನು ಮಾತ್ರ ಬಿಡಬೇಡಿ.