ಅತ್ತೆ ನೀರಿಗಿಳಿದರು

ಗೆಳೆಯರೇ, ಇವತ್ತು ಸಂಜೆ ನಮ್ಮ ದುಬೈ ಬಿಲ್ಡಿಂಗಿನ ಈಜುಕೊಳದ ಬಳಿ ಲೈಫ್‌ಗಾರ್ಡ್ ನನ್ನ ಅತ್ತೆಯನ್ನು ತಡೆದ. "ಸಾಡಿ ಮಾಫಿ, ಮಾಜಿ" ಎಂದ, ಇಲ್ಲಿನ ಅರೆ ಹಿಂದಿ ಅರೆ ಅರಬಿಯಲ್ಲಿ. ಸೀರೆಯಲ್ಲಿ ನೀರಿಗೆ ಇಳಿಯುವಂತಿಲ್ಲವಂತೆ.

"ಮಲ್ಪೆಯ ಕಡಲೇ ನನ್ನ ಸೀರೆಗೆ ಏನೂ ಹೇಳ್ಲಿಲ್ಲ ಮಾರಾಯ, ನಿನ್ನದೆಂತ?" ಎಂದು ಅತ್ತೆ ಕನ್ನಡದಲ್ಲೇ ಗದರಿದರು.

ವರ್ಷ ಮುಗಿಯುತ್ತಿದೆ. ತಿರುಗಿ ನೋಡಿದರೆ, ನಾನೂ ಮಗಳೂ ಈಜು ಕಲಿತದ್ದೇ ಈ ವರ್ಷದ ಹೆಮ್ಮೆ. ಊರಿಂದ ಬಂದ ಅತ್ತೆ ದಿನಾ ಕುರ್ಚಿಯಲ್ಲಿ ಕೂತು ನಮ್ಮನ್ನು ನೋಡುತ್ತಿದ್ದರು. ಕಡಲ ಬದಿಯಲ್ಲೇ ಹುಟ್ಟಿದರೂ ಅವರು ಮೊಣಕಾಲಿಗಿಂತ ಆಳಕ್ಕೆ ಇಳಿದವರಲ್ಲ. ಇವತ್ತು ಎದ್ದೇಬಿಟ್ಟರು.

"ಈ ಪ್ರಾಯದಲ್ಲಿ ಬೇಕಾ ಅಮ್ಮ?" ಎಂದರು ನನ್ನ ಗಂಡ.

"ನಿನ್ನ ಹೆಂಡತಿ ನಲವತ್ತರಲ್ಲಿ ಕಲೀಲಿಲ್ವಾ?"

ನಾನು ಮನೆಗೆ ಓಡಿ ನನ್ನ ಇನ್ನೊಂದು ಉದ್ದ ತೋಳಿನ ಈಜುಡುಗೆ ತಂದುಕೊಟ್ಟೆ. ಅತ್ತೆ ಅದನ್ನು ತೊಟ್ಟು ತಲೆಯೆತ್ತಿ ನಡೆದು ಬಂದರು. ನೀರಿಗಿಳಿದ ಅವರ ಕೈಯನ್ನು ಮಗಳು ಹಿಡಿದು, "ಅಜ್ಜಿ, ಜಸ್ಟ್ ಕಿಕ್!" ಎಂದಳು. ಅತ್ತೆ ಒದ್ದ ರಭಸಕ್ಕೆ ದಡದಲ್ಲಿದ್ದ ಲೈಫ್‌ಗಾರ್ಡ್ ಪೂರ್ತಿ ನೆನೆದ. ಮಗಳು ಮೆಲ್ಲಗೆ ಕೈ ಬಿಟ್ಟಳು. ಅತ್ತೆ ಒಂದು ಕ್ಷಣ ತೇಲಿದರು, ಆಮೇಲೆ ಮುಳುಗಿ, ಎದ್ದು ನಿಂತು ನಕ್ಕರು.

"ನೀವೂ ಬನ್ನಿ" ಎಂದು ಗಂಡನನ್ನು ಕರೆದೆ.

"ನನಗೆ ಶೀತ ಆಗ್ತದೆ" ಎಂದರು.

ಮುಂದಿನ ವರ್ಷ ಅವರಿಗೆ ಈಜು ಕಲಿಸುವ ಕೆಲಸವನ್ನು ಅತ್ತೆಗೇ ವಹಿಸಿದ್ದೇನೆ.