ಎರಡೂ ಕಡೆ ನೆರಳು

ನಾನು ಪೂರ್ತಿ ಹತ್ತಿದ ಬೆಟ್ಟ ಒಂದೂ ಇಲ್ಲ. ಅರ್ಧಕ್ಕೆ ಹೋಗಿ ಕಲ್ಲಿನ ಮೇಲೆ ಕೂತು, "ನೀವ್ ಹೋಗ್ಬನ್ನಿ, ನಾನು ಚಪ್ಪಲಿ ಕಾಯ್ತೀನಿ" ಎನ್ನುವವರ ಪೈಕಿ ನಾನು. ಆದರೆ ಬೆಟ್ಟ ಸೃಷ್ಟಿಸುವ ವಿಷಯದಲ್ಲಿ ನನಗೂ ಅಷ್ಟಿಷ್ಟು ಅನುಭವವಿದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ತುಮಕೂರು ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿಯಿತ್ತು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡುಗಳ ನಡುವೆ ಒಂದು ಸಲ, ಎಲ್ಲೂ ಇಲ್ಲದ ದೇಶವೊಂದರ ನಕ್ಷೆ ಬರೆಯುವ ಕೆಲಸ ಬಂತು.

ತಂದವರು ಕುಣಿಗಲ್ಲಿನ ಫಾತಿಮಾ ಮೇಡಂ. ಪ್ರೈಮರಿ ಶಾಲೆಯ ಟೀಚರು, ಆ ತಿಂಗಳ ಕೊನೆಗೆ ರಿಟೈರ್ ಆಗುವವರಿದ್ದರು. ತರಗತಿಯಲ್ಲಿ ತಾವೇ ಕಟ್ಟಿ ಹೇಳುತ್ತಿದ್ದ ಮೇಣದ ಹುಡುಗಿಯ ಕತೆಯನ್ನು ಪುಸ್ತಕ ಮಾಡಿಸಿ, ಕೊನೆಯ ದಿನ ಒಂದೊಂದು ಮಗುವಿನ ಕೈಗೂ ಒಂದೊಂದು ಕೊಟ್ಟು ಹೊರಡಬೇಕೆಂಬುದು ಅವರ ಆಸೆ. ಬಿಸಿಲು ತಾಗಿದರೆ ಕರಗಿಬಿಡುವ ಹುಡುಗಿ ಅವಳು. ಬೆಳಿಗ್ಗೆ ಬೆಟ್ಟಸಾಲಿನ ಪಶ್ಚಿಮಕ್ಕೆ ಬಿದ್ದ ನೆರಳಿನಲ್ಲೇ ನಡೆದು, ಸೂರ್ಯ ನೆತ್ತಿಗೆ ಬರುವುದರೊಳಗೆ ಊರು ಸೇರಬೇಕು. ಹಾಗಾಗಿ ನಕ್ಷೆಯ ತುಂಬ ಬೆಟ್ಟಗಳು ಬೇಕಿದ್ದವು.

ಮೌಸ್ ಹಿಡಿದು ಬೆಟ್ಟ ಬರೆಯುವುದೆಂದರೆ ಸಾರಿನ ಸೌಟಿನಲ್ಲಿ ರಂಗೋಲಿ ಬಿಟ್ಟ ಹಾಗೆ. ಮೊದಲನೆಯದಕ್ಕೇ ಅರ್ಧ ಗಂಟೆ ಹಿಡಿಯಿತು. ಎಡಗಡೆ, ಅಂದರೆ ಪಶ್ಚಿಮಕ್ಕೆ, ಗೀಟು ಗೀಟಾಗಿ ನೆರಳು ಕೊಟ್ಟೆ, ಚೆನ್ನಾಗಿಯೇ ಬಂತು. ಇನ್ನೂ ಮೂವತ್ತೊಂಬತ್ತು ಬೇಕಲ್ಲ, ಯಾರಿಗೆ ತಾಳ್ಮೆ! ಅದನ್ನೇ ಕಾಪಿ ಮಾಡಿ ಸಾಲಾಗಿ ಅಂಟಿಸಿದೆ. ಎಲ್ಲವೂ ಒಂದೇ ಅಚ್ಚಿನಂತೆ ಕಂಡಿದ್ದರಿಂದ ಅರ್ಧದಷ್ಟನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದೆ. ಒಂದೊಂದಕ್ಕೆ ಒಂದು ಬಟನ್ ಒತ್ತಿದರೆ ಸಾಕು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪುಸ್ತಕದ ಸಿಡಿ ಒಯ್ಯಲು ಮೇಡಂ ಬಂದ ದಿನ ಕರೆಂಟ್ ಹೋಗಿತ್ತು. ಯುಪಿಎಸ್ಸು ಕೀಂ ಕೀಂ ಎಂದು ಪ್ರಾಣ ತಿನ್ನುತ್ತಿತ್ತು. ಹೆಚ್ಚೆಂದರೆ ಕಾಲು ಗಂಟೆ ತಡೆಯುತ್ತಿತ್ತು. ಅವರು ನಾಲ್ಕರ ಬಸ್ಸಿಗೆ ಬೆಂಗಳೂರಿನ ಪ್ರೆಸ್ಸಿಗೆ ಹೋಗಬೇಕು. ಅವತ್ತು ತಲುಪದಿದ್ದರೆ ಪುಸ್ತಕ ಬರುವ ಹೊತ್ತಿಗೆ ಅವರು ಶಾಲೆಯಲ್ಲೇ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಅವರ ಬೆರಳು ಸ್ಕ್ರೀನಿನ ಮೇಲೆ ನಿಂತಿತು.

"ಅಲ್ರೀ, ಈ ಬೆಟ್ಟದ ನೆರಳು ಎಡಕ್ಕಿದೆ, ಪಕ್ಕದ್ದು ಬಲಕ್ಕಿದೆ. ಯಾಕ್ ಹಿಂಗೆ?"

ಆ ಕಾಲದಲ್ಲಿ ನಮ್ಮ ಕಸುಬಿನವರ ಬಾಯಲ್ಲಿ ಒಂದು ಸಿದ್ಧ ಉತ್ತರವಿತ್ತು. ಒತ್ತಕ್ಷರ ಮುರಿದರೂ ಅದೇ, ಮದುಮಗನ ಹೆಸರು ತಪ್ಪಿದರೂ ಅದೇ.

"ಕಂಪ್ಯೂಟರಲ್ಲಿ ಹಂಗೇ ಬರೋದು ಮೇಡಂ."

ಬೇರೆ ಗಿರಾಕಿಗಳಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ಮೇಡಂ ನಂಬಿಬಿಟ್ಟರು! "ಹೌದಾ? ಹಂಗಾದ್ರೆ ನಂದೇ ತಪ್ಪು" ಎಂದು ಬ್ಯಾಗಿನಿಂದ ಪ್ರೂಫ್ ತೆಗೆದರು. "ಎರಡೂ ಕಡೆ ನೆರಳಿದ್ರೆ ಅವಳು ಓಡೋದೇ ಬೇಕಾಗಿಲ್ವಲ್ಲ. ಅವಳು ಬಿಸಿಲಲ್ಲಿ ಓಡೋ ಆ ಎರಡು ಪುಟ ತೆಗೆದ್ಬಿಡ್ರಿ."

ಆ ಎರಡು ಪುಟ ಟೈಪು ಮಾಡುವಾಗ ನಾನು ಕೈ ನಿಲ್ಲಿಸಿ ಸುಮ್ಮನೆ ಕೂತಿದ್ದೆ. ಎರಡು ಬೆಟ್ಟಗಳ ನಡುವಿನ ಬಿಸಿಲನ್ನು ದಾಟುವಾಗ ಹುಡುಗಿಯ ಕಿರುಬೆರಳು ಕರಗುತ್ತದೆ. ಉಳಿದ ಬೆರಳುಗಳನ್ನು ಮುಷ್ಟಿ ಕಟ್ಟಿಕೊಂಡು ಓಡುತ್ತಾಳೆ. ಇಡೀ ಕತೆಯ ಜೀವ ಅಲ್ಲಿತ್ತು. ಹೇಳಿದರೆ ನನ್ನ ಮಾನ ಹೋಗುತ್ತದೆ, ಹೇಳದಿದ್ದರೆ ಆ ಹುಡುಗಿ ಹೋಗುತ್ತಾಳೆ. ಮೇಡಂ ಪೆನ್ನಿನ ಕ್ಯಾಪ್ ತೆಗೆದರು. ಮೊದಲ ಸಾಲಿನ ಮೇಲೆ ಗೀಟು ಬಿತ್ತು. ಎರಡನೆಯದರ ಮೇಲೂ.

"ನಿಲ್ಸಿ ಮೇಡಂ!" ಕೂಗಿಯೇಬಿಟ್ಟೆ. "ಕಂಪ್ಯೂಟರ್ ಏನೂ ಮಾಡಿಲ್ಲ. ನಾನೇ ಸೋಮಾರಿತನಕ್ಕೆ ತಿರುಗಿಸಿದ್ದು."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಹೋಂವರ್ಕ್ ಕಾಪಿ ಹೊಡೆದವನನ್ನು ನೋಡುವ ನೋಟ ಅದು.

"ಥೂ ನಿಮ್ಮ! ನನ್ ಮಗೂನೇ ಸಾಯಿಸ್ತಿದ್ನಲ್ರೀ! ಸರಿ ಮಾಡಿ ಮೊದ್ಲು."

ತಿರುಗಿಸಿದ್ದನ್ನು ಮತ್ತೆ ತಿರುಗಿಸಲು ಹಿಡಿದದ್ದು ಮೂರು ನಿಮಿಷ, ಅಷ್ಟೇ. ಸಿಡಿ ಹೊರಬಂದು ಎರಡು ನಿಮಿಷಕ್ಕೆ ಯುಪಿಎಸ್ಸು ಸತ್ತಿತು. ಮೇಡಂ ಹೊರಟಿದ್ದ ಬಸ್ಸನ್ನು ಓಡಿ ಹಿಡಿದರು. ಪುಸ್ತಕ ಸಮಯಕ್ಕೆ ಬಂತು. ನಲವತ್ತು ಬೆಟ್ಟವೂ ಒಂದೇ ಥರ ಇವೆ ಎಂದು ಮಕ್ಕಳು ನಕ್ಕರಂತೆ. ನಗಲಿ ಬಿಡಿ.

ಈಗಲೂ ಯಾವುದಾದರೂ ಕಚೇರಿಯ ಕಿಟಕಿಯಲ್ಲಿ "ಸಿಸ್ಟಮಲ್ಲಿ ಹಂಗೇ ತೋರಿಸ್ತಿದೆ" ಎನ್ನುವ ಮಾತು ಕಿವಿಗೆ ಬೀಳುತ್ತದೆ. ಅದಕ್ಕೆ ಗಲಾಟೆ ಮಾಡುವವರನ್ನು ಕಂಡರೆ ನನಗೆ ನೆಮ್ಮದಿ. ಆದರೆ ಒಬ್ಬೊಬ್ಬರು "ಓ, ನಂದೇ ತಪ್ಪಿರಬೇಕು" ಎಂದು ತಲೆಯಾಡಿಸಿ ಹೊರಡುತ್ತಾರಲ್ಲ, ಅವರ ಹಿಂದೆಯೇ ಓಡಿಹೋಗಿ ಕೇಳಬೇಕೆನಿಸುತ್ತದೆ: ಸ್ವಲ್ಪ ತಾಳಿ, ಮನೆಗೆ ಹೋಗಿ ಏನನ್ನು ಹೊಡೆದುಹಾಕುತ್ತೀರಿ?